ಬಿಸಿಲು, ಬೆಳ್ಳಗಾಗೋ ಕ್ರೀಮು, ಅಂಗಾಲಿನ ಮಚ್ಚೆ: ಲೈಂಗಿಕ ಅಲ್ಪಸಂಖ್ಯಾತರು ಚರ್ಮದ ಬಗ್ಗೆ ತಿಳಿದಿರಬೇಕಾದ್ದು

ಬಳ್ಳಾರಿ: ನಮ್ಮೂರಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡ್ತೀವಿ. ಆ ಬಿಸಿಲಲ್ಲಿ ಟೋಲ್ ಗೇಟ್ ಹತ್ತಿರ, ಸಿಗ್ನಲ್‌ನಲ್ಲಿ, ಅಂಗಡಿ ಸಾಲಿನಲ್ಲಿ ದಿನವಿಡೀ ನಿಂತು ದುಡಿಯುವವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ಹೊಸಪೇಟೆ ರಸ್ತೆಯಲ್ಲಿ ಮಾತಿಗೆ ಸಿಕ್ಕ ಮಂಗಳಮುಖಿಯೊಬ್ಬರನ್ನು, "ಅಕ್ಕಾ, ಬಿಸಿಲಿಗೆ ಮುಖಕ್ಕೆ ಏನು ಹಚ್ಚತೀರಿ?" ಎಂದು ಕೇಳಿದೆ. ಬ್ಯಾಗಿನಿಂದ ಸಣ್ಣದೊಂದು ಟ್ಯೂಬ್ ತೆಗೆದು ತೋರಿಸಿದರು. "ಮೆಡಿಕಲ್ ಶಾಪಿನ್ಯಾಗ ಕೊಟ್ರಪ್ಪ. ಎರಡೇ ವಾರಕ್ಕ ಮುಖ ಬೆಳ್ಳಗಾತು. ಈಗ ಹಚ್ಚೋದು ಬಿಟ್ರ ಉರೀತೈತಿ, ಬಿಸಿಲಿಗೆ ಹೋದ್ರಂತೂ ಬೆಂಕಿ."

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಸ್ಟಿರಾಯ್ಡ್ ಹೆಸರು. ಅದು ಸನ್‌ಸ್ಕ್ರೀನ್ ಅಲ್ಲವೇ ಅಲ್ಲ.

ಅಮೆರಿಕದಲ್ಲಿ ಕಂಡಿದ್ದೇನು?

ಲೈಂಗಿಕ ಅಲ್ಪಸಂಖ್ಯಾತರು ಮತ್ತು ಚರ್ಮದ ಕ್ಯಾನ್ಸರ್ ಬಗ್ಗೆ ಹೆಚ್ಚಿನ ಅಧ್ಯಯನಗಳು ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ 2014ರಿಂದ 2018ರವರೆಗೆ ನಡೆದ ಸರ್ಕಾರಿ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಜೀವನದಲ್ಲಿ ಎಂದಾದರೂ ಚರ್ಮದ ಕ್ಯಾನ್ಸರ್ ಬಂದಿತ್ತು ಎಂದು ಹೇಳಿದವರು ಗೇ ಪುರುಷರಲ್ಲಿ ಶೇ. 8.1, ದ್ವಿಲಿಂಗಾಕರ್ಷಿತ ಪುರುಷರಲ್ಲಿ ಶೇ. 8.4, ಉಳಿದ ಪುರುಷರಲ್ಲಿ ಶೇ. 6.7. ಮಹಿಳೆಯರಲ್ಲಿ ಲೆಕ್ಕ ಉಲ್ಟಾ. ದ್ವಿಲಿಂಗಾಕರ್ಷಿತ ಮಹಿಳೆಯರಲ್ಲಿ ಇದು ಉಳಿದ ಮಹಿಳೆಯರಿಗಿಂತ ಕಡಿಮೆಯೇ ಇತ್ತು.

ಹಾಗಾದ್ರೆ ಗೇ ಆಗಿರೋದಕ್ಕೂ ಕ್ಯಾನ್ಸರ್‌ಗೂ ಸಂಬಂಧ ಇದೆಯಾ? ಯಾರನ್ನು ಪ್ರೀತಿಸ್ತೀವಿ ಅನ್ನೋದು ಚರ್ಮಕ್ಕೆ ಗೊತ್ತಾಗಲ್ಲ. ಸಂಶೋಧಕರು ಬೊಟ್ಟು ಮಾಡುವುದು ಮುಖ್ಯವಾಗಿ ಒಂದು ಅಭ್ಯಾಸದ ಕಡೆಗೆ, ಅದು ಟ್ಯಾನಿಂಗ್. ಬಿಳಿ ಚರ್ಮದವರಿಗೆ ಕಂದು ಬಣ್ಣ ಬಂದರೆ ಚೆಂದ. ಅದಕ್ಕಾಗಿ ನೇರಳಾತೀತ ಕಿರಣ ಸೂಸುವ ದೀಪಗಳ ಪೆಟ್ಟಿಗೆಯೊಳಗೆ ಮಲಗುತ್ತಾರೆ. ಇದನ್ನು ಗೇ ಮತ್ತು ದ್ವಿಲಿಂಗಾಕರ್ಷಿತ ಪುರುಷರು ಉಳಿದ ಪುರುಷರಿಗಿಂತ ಹಲವು ಪಟ್ಟು ಹೆಚ್ಚು ಬಳಸುತ್ತಾರೆ ಎಂದು 2015ರ ಅಧ್ಯಯನ ತೋರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಈ ಯಂತ್ರಗಳನ್ನು ತಂಬಾಕು ಇರುವ ಪಟ್ಟಿಗೇ ಸೇರಿಸಿದೆ. ಅಂದರೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಪಟ್ಟಿ.

ಯಾಕೆ ಬಳಸ್ತಾರೆ? ಚೆಂದ ಕಾಣಬೇಕು, ಇಲ್ಲದಿದ್ದರೆ ನಮ್ಮವರ ನಡುವೆಯೇ ಬೆಲೆ ಇಲ್ಲ ಅನ್ನೋ ಒತ್ತಡ. ನಮ್ಮಲ್ಲಿ ಟ್ಯಾನಿಂಗ್ ಪೆಟ್ಟಿಗೆ ಇಲ್ಲ. ಆದರೆ ಒತ್ತಡ ಇದೆ, ಅದೂ ತಿರುಗಾಮುರುಗಾ. ಅಲ್ಲಿ ಕಪ್ಪಾಗಲು ಪರದಾಡಿದರೆ ಇಲ್ಲಿ ಬೆಳ್ಳಗಾಗಲು. ಡೇಟಿಂಗ್ ಆ್ಯಪ್‌ನ ಫೋಟೊಗೆ ಬಣ್ಣ ಬೇಕು ಅನ್ನೋ ಹುಡುಗನಿಗೂ, ಹೆಣ್ಣಾಗಿ ಕಾಣಬೇಕು ಅಂದ್ರೆ ಮುಖ ಬೆಳ್ಳಗೆ, ನುಣ್ಣಗೆ ಇರಲೇಬೇಕು ಅಂದುಕೊಂಡ ಮಂಗಳಮುಖಿಗೂ ಸಿಗೋ ಅಗ್ಗದ ದಾರಿ ಈ ಟ್ಯೂಬು.

ಟ್ಯೂಬಿನೊಳಗೆ ಇರೋದೇನು?

ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಮೂರೂ ಸ್ಟಿರಾಯ್ಡ್‌ಗಳೇ. ಇಸಬಿನಂಥ ಕಾಯಿಲೆಗೆ ವೈದ್ಯರು ಕೊಡೋ ಒಳ್ಳೆಯ ಔಷಧಿಗಳು, ಅದರಲ್ಲಿ ಅನುಮಾನ ಬೇಡ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದಾಗ ತೊಂದರೆ ಶುರುವಾಗುತ್ತೆ. ಮೊದಲು ಬಣ್ಣ ತಿಳಿಯಾಗುತ್ತೆ. ಆಮೇಲೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣಿಸುತ್ತೆ, ಮೊಡವೆ ಏಳುತ್ತೆ, ಬಿಸಿಲು ತಡೆಯೋಕಾಗಲ್ಲ. ಇನ್ನೊಂದು ವಿಷಯ ಕೇಳಿದರೆ ಮಂಗಳಮುಖಿಯರಿಗೆ ಬೇಸರವಾಗಬಹುದು: ಮುಖದ ಮೇಲೆ ಕೂದಲು ಹೆಚ್ಚುತ್ತೆ! ಚಿಮಟ ಹಿಡಿದು ಕೂದಲು ಕೀಳುವವರು, ಅದೇ ಜಾಗಕ್ಕೆ ಕೂದಲು ಬೆಳೆಸೋ ಕ್ರೀಮು ಹಚ್ಚಿದ ಹಾಗಾಯ್ತು.

ಈ ಕ್ರೀಮಿನಿಂದ ನೇರವಾಗಿ ಕ್ಯಾನ್ಸರ್ ಬರುತ್ತೆ ಅಂತ ಹೇಳ್ತಿಲ್ಲ, ಸುಮ್ಮನೆ ಹೆದರಿಸೋದು ಬೇಡ. ಆದರೆ ಬಿಸಿಲಿಗೆ ಗುರಾಣಿ ಆಗಬೇಕಿದ್ದ ಚರ್ಮವನ್ನೇ ಇದು ದುರ್ಬಲ ಮಾಡುತ್ತೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕೌಂಟರ್‌ನಲ್ಲಿ ಏನಾಗ್ತಿದೆ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು.

ಈಗಾಗಲೇ ಹಚ್ಚುತ್ತಿರುವವರು ಇದನ್ನು ಓದಿ ಇವತ್ತೇ ಟ್ಯೂಬ್ ಎಸೆಯಬೇಡಿ. ತಟ್ಟನೆ ಬಿಟ್ಟರೆ ಉರಿ, ಕೆಂಪು ಜಾಸ್ತಿಯಾಗಿ ಮತ್ತೆ ಅದಕ್ಕೇ ಕೈ ಹೋಗುತ್ತೆ. ಟ್ಯೂಬ್ ಸಮೇತ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಹಂತಹಂತವಾಗಿ ಬಿಡಿಸುತ್ತಾರೆ.

ಔಷಧಿ ತಗೊಳ್ಳುವವರು ಗಮನಿಸಿ

ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಳ್ಳುವವರಿಗೆ ಕೆನ್ನೆಯ ಮೇಲೆ ಬಂಗು ಬರಬಹುದು, ಬಿಸಿಲಿಗೆ ಅದು ದಟ್ಟವಾಗುತ್ತದೆ. ಲೈಂಗಿಕ ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ, ಎಚ್‌ಐವಿ ಇರುವ ಕೆಲವರಿಗೆ ಕೊಡುವ ಕೋ-ಟ್ರೈಮಾಕ್ಸಝೋಲ್ ಎರಡೂ ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡಬಹುದು. ಹಾಗಂತ ಮಾತ್ರೆ ನಿಲ್ಲಿಸುವುದಲ್ಲ, ಬಿಸಿಲಿಗೆ ಮರೆ ಮಾಡಿಕೊಳ್ಳೋದು. ಎಚ್‌ಐವಿ ಇರುವವರಲ್ಲಿ ಕೆಲವು ಬಗೆಯ ಚರ್ಮದ ಕ್ಯಾನ್ಸರ್ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದು ಅಮೆರಿಕದ ಲೆಕ್ಕ, ಅದೂ ಬಿಳಿ ಚರ್ಮದವರಲ್ಲಿ. ನಮ್ಮವರು ಎಆರ್‌ಟಿ ಕೇಂದ್ರಕ್ಕೆ ಹೋದಾಗ ಮಾಯದ ಹುಣ್ಣಿದ್ದರೆ ತೋರಿಸಿದರೆ ಸಾಕು.

ಕಪ್ಪು ಚರ್ಮಕ್ಕೆ ಕ್ಯಾನ್ಸರ್ ಬರಲ್ಲ ಅನ್ನೋದು ಅರ್ಧ ಸತ್ಯ

ಮೆಲನಿನ್ ನಮ್ಮ ಅದೃಷ್ಟ. ದಟ್ಟ ಕಪ್ಪು ಚರ್ಮಕ್ಕೆ ಹುಟ್ಟಿನಿಂದಲೇ ಸುಮಾರು 13 ಎಸ್‌ಪಿಎಫ್‌ನಷ್ಟು ರಕ್ಷಣೆ ಇರುತ್ತೆ, ಬಿಳಿ ಚರ್ಮಕ್ಕೆ 3ರ ಆಸುಪಾಸು ಅಷ್ಟೇ. (ಇದನ್ನೇ ತೊಳೆದು ಹಾಕೋಕೆ ನಾವು ದುಡ್ಡು ಕೊಡೋದು!) ಹಾಗಾಗಿ ಭಾರತದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಆದರೆ ನಮ್ಮಂಥ ಚರ್ಮಕ್ಕೆ ಮೆಲನೋಮಾ ಬಂದಾಗ ಅದು ಹೆಚ್ಚಾಗಿ ಬಿಸಿಲೇ ಬೀಳದ ಜಾಗದಲ್ಲಿ ಕಾಣಿಸುತ್ತೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಯಾವ ಸನ್‌ಸ್ಕ್ರೀನೂ ಇದಕ್ಕೆ ಉತ್ತರ ಅಲ್ಲ, ನೋಡಿಕೊಳ್ಳೋದೊಂದೇ ದಾರಿ.

ಗಾಯಕ ಬಾಬ್ ಮಾರ್ಲಿ ಕತೆ ಇದೇ. ಕಾಲ್ಬೆರಳ ಉಗುರಿನ ಕೆಳಗಿನ ಕಪ್ಪನ್ನು ಫುಟ್‌ಬಾಲ್ ಆಡಿ ಆದ ಗಾಯ ಎಂದುಕೊಂಡಿದ್ದರು. 1977ರಲ್ಲಿ ಅದು ಮೆಲನೋಮಾ ಎಂದು ಗೊತ್ತಾಯಿತು. 1981ರಲ್ಲಿ ತೀರಿಕೊಂಡಾಗ ವಯಸ್ಸು 36.

ಇನ್ನೊಂದು ಬಗೆ ಹುಟ್ಟುವುದು ಹಳೆಯ ಗಾಯದಲ್ಲಿ. ಸುಟ್ಟ ಗಾಯದ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು ಇದ್ದಕ್ಕಿದ್ದಂತೆ ದಪ್ಪಗಾದರೆ, ರಕ್ತ ಒಸರಿದರೆ ತಡ ಮಾಡಬೇಡಿ.

ತಿಂಗಳಿಗೊಮ್ಮೆ ಸ್ನಾನ ಆದಮೇಲೆ ಅಂಗಾಲು ತಿರುಗಿಸಿ ನೋಡಿ. ಹೊಸ ಕಪ್ಪು ಮಚ್ಚೆ, ಅಂಚು ಒಡೆದಂತಿರೋದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, ದಿನೇ ದಿನೇ ಬೆಳೆಯೋದು, ಒಂದೇ ಉಗುರಿನಲ್ಲಿ ಅಗಲವಾಗುತ್ತಾ ಹೋಗುವ ಕಪ್ಪು ಗೆರೆ ಇದ್ದರೆ ತೋರಿಸಬೇಕು. ಉಗುರಿಗೆ ಸದಾ ಬಣ್ಣ ಹಚ್ಚುವವರು ನಡುವೆ ಒಮ್ಮೆ ಒರೆಸಿ ನೋಡಿ. ಬೆನ್ನು ನಮಗೆ ಕಾಣಲ್ಲ. ಮನೆ ಬಿಟ್ಟು ಬಂದವರಿಗೆ ಬೆನ್ನು ನೋಡೋಕೆ ಹೆಂಡತಿಯೋ ತಾಯಿಯೋ ಇರಲ್ಲ, ಜೊತೆಗಿರುವ ಚೇಲಾ ಅಥವಾ ಸ್ನೇಹಿತರನ್ನೇ ಕೇಳಬೇಕು.

ಬೋರ್ಡ್ ನೋಡಿ ವಾಪಸ್ ಬರಬೇಡಿ

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮ, ಗುಹ್ಯರೋಗ, ಕುಷ್ಠರೋಗ ಮೂರಕ್ಕೂ ಸಾಮಾನ್ಯವಾಗಿ ಒಂದೇ ವಿಭಾಗ, ಒಂದೇ ಬೋರ್ಡ್. ಆ ಬಾಗಿಲ ಮುಂದೆ ನಿಂತರೆ ಪರಿಚಯದವರು ಏನಂದುಕೊಳ್ತಾರೋ ಅನ್ನೋ ಭಯಕ್ಕೆ ಮಚ್ಚೆಯನ್ನೂ ಮುಚ್ಚಿಟ್ಟುಕೊಂಡು ಬರುವವರಿದ್ದಾರೆ. ಗಂಡಸರ ಸಾಲೋ ಹೆಂಗಸರ ಸಾಲೋ ಅನ್ನೋ ಗೊಂದಲ ಬೇರೆ. ಅಂಗಿ ಬಿಚ್ಚಿ ಅಂದಾಗಿನ ಮುಜುಗರ ಇನ್ನೊಂದು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆ ಪ್ರಕಾರ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಒಬ್ಬರೇ ಹೋಗಲು ಅಳುಕಾದರೆ ಸಂಘಟನೆಯವರನ್ನೋ ಸುರಕ್ಷಾ ಕ್ಲಿನಿಕ್‌ನ ಆಪ್ತಸಮಾಲೋಚಕರನ್ನೋ ಕೇಳಿ. ಡಾಕ್ಟರಿಗೆ ನಿಮ್ಮ ಲೈಂಗಿಕತೆ ಹೇಳಲೇಬೇಕು ಅಂತಿಲ್ಲ, ತಗೊಳ್ಳುವ ಹಾರ್ಮೋನ್ ಮತ್ತು ಮಾತ್ರೆ ಮಾತ್ರ ಮುಚ್ಚಿಡಬೇಡಿ.

ಇನ್ನು ಬಿಸಿಲಿನ ಮಾತು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗ ಕಿರಣಗಳು ಜೋರು ಅಂತ ಲೆಕ್ಕ. ಆಗ ಛತ್ರಿ, ಸೆರಗು, ತುಂಬು ತೋಳಿನ ಹತ್ತಿ ಬಟ್ಟೆಗಳೇ ಎಲ್ಲಕ್ಕಿಂತ ಅಗ್ಗ. ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಅಥವಾ ಮೇಲಿನದು ತಗೊಳ್ಳಿ. ಮುಖಕ್ಕೂ ಕುತ್ತಿಗೆಗೂ ಎರಡು ಬೆರಳುದ್ದ ಬೇಕು, ಬೆವರಿದರೆ ಎರಡು ಗಂಟೆಗೊಮ್ಮೆ ಮತ್ತೆ. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ, ಮೇಕಪ್ಪಿನ ಕೆಲಸವನ್ನೂ ಸ್ವಲ್ಪ ಮಾಡುತ್ತೆ.

ಹೊಸಪೇಟೆ ರಸ್ತೆಯ ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ: "ಟ್ಯೂಬ್ ಬಿಟ್ಟ ಮ್ಯಾಲ ಮುಖ ಸುಧಾರಿಸಾಕ ಎಷ್ಟು ದಿನ ಬೇಕಪ್ಪ?" ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಎಷ್ಟು ಕಾಲ ಹಚ್ಚಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. ಅವರು ಹಚ್ಚುತ್ತಿರುವುದು ಮೂರು ವರ್ಷದಿಂದ.