14 ದಿನದ ದುಡ್ಡು, 53,000 ಸಂಬಳ

2009ರ ಜನವರಿ 7, ಬುಧವಾರ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಸಂಸ್ಥಾಪಕ ಹಾಗೂ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರ ಬಯಲಿಗೆ ಬಂತು. 2008ರ ಸೆಪ್ಟೆಂಬರ್ ಕೊನೆಯ ಲೆಕ್ಕಪತ್ರದಲ್ಲಿ ಕಂಪನಿಯ ನಗದು ಮತ್ತು ಬ್ಯಾಂಕ್ ಠೇವಣಿ 5,361 ಕೋಟಿ ರೂಪಾಯಿ ಎಂದು ತೋರಿಸಿದ್ದರು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಈಗ ಅವರೇ ಬರೆದಿದ್ದರು.

ನೂರು ರೂಪಾಯಿಯಲ್ಲಿ ತೊಂಬತ್ತನಾಲ್ಕು ಬರೀ ಅಂಕಿ. ಆಗ ಚಲಾವಣೆಯಲ್ಲಿದ್ದ ಸಾವಿರದ ನೋಟುಗಳಲ್ಲಿ ಆ 5,040 ಕೋಟಿಯನ್ನು ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಲು ಕೂತರೆ 583 ದಿನ ಬೇಕು. ಅಷ್ಟು ದುಡ್ಡು ಇದೆಯೆಂದು ಷೇರುದಾರರು, ಬ್ಯಾಂಕುಗಳು, ನ್ಯೂಯಾರ್ಕಿನ ಹೂಡಿಕೆದಾರರು ನಂಬಿದ್ದರು. ಆ ದಿನ ಪೇಟೆ ಮುಚ್ಚುವ ಹೊತ್ತಿಗೆ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಹೆಚ್ಚು ಕರಗಿಹೋಗಿತ್ತು.

ನನ್ನನ್ನು ಇನ್ನೂ ಬೆಚ್ಚಿಸುವುದು ಅದೇ ಪತ್ರದ ಮತ್ತೊಂದು ಸಾಲು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಕಂಪನಿ ಹೇಳಿಕೊಂಡ ವರಮಾನ 2,700 ಕೋಟಿ, ನಿಜವಾದದ್ದು 2,112 ಕೋಟಿ. ಹೇಳಿಕೊಂಡ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡರಲ್ಲೂ ವ್ಯತ್ಯಾಸ ಸರಿಯಾಗಿ 588 ಕೋಟಿ. ಆ ತ್ರೈಮಾಸಿಕದ 92 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ಆರು ಕೋಟಿ ನಲವತ್ತು ಲಕ್ಷ. ಭಾನುವಾರವೂ ಬಿಡುವಿಲ್ಲ, ಗಣೇಶನ ಹಬ್ಬಕ್ಕೂ ಬಿಡುವಿಲ್ಲ.

ಸುಳ್ಳು ಇಷ್ಟು ಬೆಳೆದದ್ದಕ್ಕೆ ಲೆಕ್ಕಶಾಸ್ತ್ರವೇ ಕಾರಣ. ಇಲ್ಲದ ಮಾರಾಟ ಬರೆದರೆ ಇಲ್ಲದ ಲಾಭ ಹುಟ್ಟುತ್ತದೆ. ಆ ಲಾಭ ಎಲ್ಲಾದರೂ ಇರಬೇಕಲ್ಲ, ಅದನ್ನು ಬ್ಯಾಂಕಿನಲ್ಲಿದೆ ಎಂದು ತೋರಿಸಬೇಕು. ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರಬೇಕು. ಹಾಗೆ ಬರೆದ ಇಲ್ಲದ ಬಡ್ಡಿಯೇ 376 ಕೋಟಿ. ಅದರ ಮೇಲೆ ಮುಚ್ಚಿಟ್ಟ ಸಾಲ 1,230 ಕೋಟಿ, ಗಿರಾಕಿಗಳಿಂದ ಬರಬೇಕೆಂದು ಉಬ್ಬಿಸಿದ ಬಾಕಿ 490 ಕೋಟಿ. ಕೂಡಿದರೆ 7,136 ಕೋಟಿ. ಸಿಬಿಐ ತನಿಖೆಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳು ಸಿಕ್ಕವು. ಒಂದೊಂದನ್ನೂ ಯಾರೋ ಕೂತು, ದಿನಾಂಕ ಹಾಕಿ, ಮೊತ್ತ ತುಂಬಿ ತಯಾರಿಸಿದ್ದರು.

ಬ್ಯಾಂಕ್ ಬಾಕಿಯನ್ನು ಪರೀಕ್ಷಿಸುವ ದಾರಿಯಂತೂ ತೀರಾ ಸರಳ. ಲೆಕ್ಕ ಪರಿಶೋಧಕ ತಾನೇ ಬ್ಯಾಂಕಿಗೆ ಪತ್ರ ಬರೆದು, ಇಂಥ ಖಾತೆಯಲ್ಲಿ ಇಂಥ ದಿನ ಎಷ್ಟಿತ್ತು ಎಂದು ಕೇಳುತ್ತಾನೆ. ಉತ್ತರ ನೇರವಾಗಿ ಅವನ ಕೈಗೇ ಬರಬೇಕು. ಸತ್ಯಂನ ಲೆಕ್ಕ ಪರಿಶೋಧಕರಾಗಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಈ ಪತ್ರಗಳನ್ನು ಕಳಿಸುವ, ಪಡೆಯುವ ಕೆಲಸವನ್ನು ಸತ್ಯಂ ಕೈಗೇ ಬಿಟ್ಟಿದ್ದವು ಎಂದು 2011ರಲ್ಲಿ ಅಮೆರಿಕದ ನಿಯಂತ್ರಕರು ಹೇಳಿ, 75 ಲಕ್ಷ ಡಾಲರ್ ದಂಡ ಹಾಕಿದರು. ಕೆಲವು ಅಂಚೆ ಲಕೋಟೆಗಳು ಸರಿಯಾದ ವಿಳಾಸಕ್ಕೆ ಹೋಗಿದ್ದರೆ ಸಾಕಿತ್ತು! ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಹೈದರಾಬಾದಿನ ಬಿಸಿನೆಸ್ ಶಾಲೆ ಐಎಸ್‌ಬಿಯ ಡೀನ್ ಇದ್ದರು. ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದದ್ದು 2008ರ ಸೆಪ್ಟೆಂಬರಿನಲ್ಲಿ, ಮೇಲೆ ಹೇಳಿದ ಆ ತ್ರೈಮಾಸಿಕದಲ್ಲೇ.

ಅದೇ ವರ್ಷ ಡಿಸೆಂಬರ್ 16ರಂದು ರಾಜು ತಮ್ಮ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಿನಲ್ಲಿ 160 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟರು. ಹೂಡಿಕೆದಾರರು ಸಿಡಿದೆದ್ದರು, ಕೆಲವೇ ಗಂಟೆಗಳಲ್ಲಿ ವ್ಯವಹಾರ ರದ್ದಾಯಿತು. ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿಯನ್ನು ತಂದಿಡುವ ಕೊನೆಯ ಪ್ರಯತ್ನ ಅದಾಗಿತ್ತು ಎಂದು ಮೂರು ವಾರಗಳ ನಂತರ ಪತ್ರದಲ್ಲಿ ಒಪ್ಪಿಕೊಂಡರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಸೆರೆಮನೆಗೆ ಜಿಗಿಯುತ್ತಾರೆ. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತು ಮಂದಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಮೇಲೆ ಮುಂದಿನ ತಿಂಗಳೇ ಅವರಿಗೆ ಜಾಮೀನು ಸಿಕ್ಕಿತು. ಅದಕ್ಕಿಂತ ದೊಡ್ಡ ಅಚ್ಚರಿ ಪತ್ರದ ಮರುದಿನದಿಂದ ಶುರುವಾಗುತ್ತದೆ.

ಲೆಕ್ಕ ಹಾಕಿ ನೋಡಿ. 2,112 ಕೋಟಿ ವರಮಾನದಲ್ಲಿ 61 ಕೋಟಿ ಉಳಿಯಿತೆಂದರೆ ಮೂರು ತಿಂಗಳ ಖರ್ಚು 2,051 ಕೋಟಿ, ತಿಂಗಳಿಗೆ ಹತ್ತಿರಹತ್ತಿರ 684 ಕೋಟಿ. ಕೈಯಲ್ಲಿ ನಿಜವಾಗಿ ಇದ್ದದ್ದು 321 ಕೋಟಿ. ಹೆಚ್ಚೆಂದರೆ 14 ದಿನದ ಖರ್ಚು! ಅದನ್ನು ನಂಬಿ 66 ದೇಶಗಳಲ್ಲಿ 53,000 ನೌಕರರು. ಸಂಕ್ರಾಂತಿಗೆ ಒಂದು ವಾರವಿತ್ತು. ತಿಂಗಳ ಕೊನೆಗೆ ಸಂಬಳ ಬರುತ್ತದೋ ಇಲ್ಲವೋ, ಮನೆ ಸಾಲದ ಕಂತು ಹೇಗೆ ಕಟ್ಟುವುದೋ ಗೊತ್ತಿಲ್ಲದೆ ಅವರು ಬೆಳಿಗ್ಗೆ ಬ್ಯಾಡ್ಜ್ ಹಾಕಿಕೊಂಡು ಕೆಲಸಕ್ಕೆ ಹೋದರು. ಗಿರಾಕಿ ಕಂಪನಿಗಳ ಸಂಬಳದ ಪಟ್ಟಿ, ಗೋದಾಮಿನ ಲೆಕ್ಕ ಅವರ ಕೈಯಲ್ಲಿದ್ದವು, ಯಾವುದೂ ನಿಲ್ಲುವಂತಿರಲಿಲ್ಲ. ಸಂಸ್ಥಾಪಕನನ್ನೇ ಸಂಸ್ಥೆ ಎಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಸತ್ಯಂನಲ್ಲಿ ಸಂಸ್ಥಾಪಕನ ಅಂಕಿಗಳೆಲ್ಲ ಟೊಳ್ಳಾಗಿದ್ದವು, ಮಾಡಿಕೊಟ್ಟ ಕೆಲಸ ಮಾತ್ರ ಗಟ್ಟಿಯಾಗಿತ್ತು. 2,112 ಕೋಟಿಯ ಕೆಲಸವನ್ನು ಯಾರೂ ಕಲ್ಪಿಸಿ ಬರೆದಿರಲಿಲ್ಲ.

ಕನ್ನಡಿಗರಿಗೆ ಇದರ ಇನ್ನೊಂದು ಎಳೆ ಮನೆ ಬಾಗಿಲಿನದು. 108 ಆಂಬುಲೆನ್ಸ್ ಸೇವೆಯನ್ನು ಇಎಂಆರ್‌ಐ ಹೆಸರಿನಲ್ಲಿ ಕಟ್ಟಿದವರೂ ಇದೇ ರಾಜು, 2005ರ ಆಗಸ್ಟ್ 15ರಂದು, ಹೈದರಾಬಾದಿನಿಂದಲೇ. ಕರ್ನಾಟಕದಲ್ಲಿ ಅದು ‘ಆರೋಗ್ಯ ಕವಚ’ವಾಗಿ ಆರಂಭವಾದದ್ದು 2008ರ ರಾಜ್ಯೋತ್ಸವದ ದಿನ. ಪತ್ರ ಹೊರಬಿದ್ದಾಗ ಅದಕ್ಕೆ ಬರೀ 67 ದಿನ. ಅಧ್ಯಕ್ಷ ಜೈಲು ಸೇರಿದರೂ ಆಂಬುಲೆನ್ಸ್‌ಗಳು ನಿಲ್ಲಲಿಲ್ಲ. 2009ರಲ್ಲೇ ಜಿವಿಕೆ ಸಮೂಹವು ಇಎಂಆರ್‌ಐನ ಹೊಣೆ ಹೊತ್ತಿತು.

ಇತ್ತ ಕೇಂದ್ರ ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು, ಜನವರಿ 11ಕ್ಕೆ ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್, ಸಿ. ಅಚ್ಯುತನ್ ಅವರನ್ನು ನೇಮಿಸಿತು. ಕೆಲವೇ ದಿನಗಳಲ್ಲಿ ಇನ್ನೂ ಮೂವರು ಸೇರಿದರು. ಅವರಲ್ಲೊಬ್ಬರಾದ ಲೆಕ್ಕ ಪರಿಶೋಧಕ ಟಿ.ಎನ್. ಮನೋಹರನ್ ಮುಂದೆ ನಮ್ಮ ಕೆನರಾ ಬ್ಯಾಂಕಿನ ಅಧ್ಯಕ್ಷರಾದರು. ಆರು ಜನರ ಮುಂದಿದ್ದದ್ದು ನಂಬಲಾಗದ ಲೆಕ್ಕಪುಸ್ತಕ. ಅವರು ಬರಬೇಕಾದ ಬಾಕಿಯನ್ನು ವಸೂಲು ಮಾಡಿಸಿದರು, ಬ್ಯಾಂಕುಗಳಿಂದ 600 ಕೋಟಿ ಸಾಲ ಎತ್ತಿದರು, ಗಿರಾಕಿಗಳೊಂದಿಗೆ ಮಾತಾಡಿದರು. ಹೊರಗಿನ ದೊಡ್ಡ ಹೆಸರನ್ನು ತರದೆ, ಕಂಪನಿಯೊಳಗೇ ಬೆಳೆದ ಎ.ಎಸ್. ಮೂರ್ತಿಯವರನ್ನು ಫೆಬ್ರವರಿ 5ರಂದು ಸಿಇಒ ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ವಿವೇಕದ ತೀರ್ಮಾನ ಅನಿಸುವುದು ಇದೇ.

ಏಪ್ರಿಲ್ 13ಕ್ಕೆ ಹರಾಜು. ಮೂರು ಬಿಡ್‌ಗಳು: ವಿಲ್ಬರ್ ರಾಸ್ ಷೇರಿಗೆ 20 ರೂಪಾಯಿ, ಎಲ್ ಆ್ಯಂಡ್ ಟಿ 45.90, ಟೆಕ್ ಮಹೀಂದ್ರ 58. ಪತ್ರ ಬಂದು 96 ದಿನಗಳಲ್ಲಿ ಕಂಪನಿಗೆ ಹೊಸ ಯಜಮಾನ ಸಿಕ್ಕಿದ್ದ. ಶೇಕಡಾ 51 ಪಾಲಿಗೆ ಟೆಕ್ ಮಹೀಂದ್ರ ಲೆಕ್ಕ ಹಾಕಿದ್ದು 2,889 ಕೋಟಿ ರೂಪಾಯಿ. ಅಷ್ಟು ದುಡ್ಡು ಸುರಿಯಲು ಹೊರಟಾಗ ಸತ್ಯಂನ ನಿಜವಾದ ಜಮಾ-ಖರ್ಚು ಯಾರ ಬಳಿಯೂ ಇರಲಿಲ್ಲ. ತಿದ್ದಿದ ಲೆಕ್ಕಪತ್ರ ಹೊರಬಂದದ್ದು 2010ರ ಸೆಪ್ಟೆಂಬರ್ 29ರಂದು, ಮಾರಾಟವಾಗಿ ಹದಿನೇಳೂವರೆ ತಿಂಗಳ ನಂತರ.