ಗೊತ್ತಿರುವ ಮದ್ದು ಸಿಗದೇ ಹೋದಾಗ

ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪವನ್ನು ನೀವೆಲ್ಲ ನೋಡಿದ್ದೀರಿ. ಮಡಗಾಸ್ಕರ್ ಮೂಲದ ಈ ಗಿಡದಿಂದ ದೊರೆಯುವ ವಿನ್‌ಕ್ರಿಸ್ಟೀನ್ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮನ್ನಣೆ ಪಡೆಯಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಎಂದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆಯಲ್ಲಿ ಇಂದಿಗೂ ಇದು ಮುಖ್ಯ ಔಷಧಿ.

ಇದು ಹೇಗೆ ಕೆಲಸ ಮಾಡುತ್ತದೆ? ಜೀವಕೋಶ ಎರಡಾಗುವಾಗ ಸೂಕ್ಷ್ಮ ಎಳೆಗಳು ಏರ್ಪಟ್ಟು ವರ್ಣತಂತುಗಳನ್ನು ಎರಡು ಬದಿಗೆ ಎಳೆಯುತ್ತವೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೀರಲ್ಲವೆ? ವಿನ್‌ಕ್ರಿಸ್ಟೀನ್ ಆ ಎಳೆಗಳು ರೂಪುಗೊಳ್ಳದಂತೆ ತಡೆಯುತ್ತದೆ. ವಿಭಜನೆ ಅರ್ಧದಲ್ಲೇ ನಿಂತು ಕೋಶ ಸಾಯುತ್ತದೆ. ಆದರೆ ಒಂದೇ ಔಷಧಿಯಿಂದ ಲ್ಯುಕೇಮಿಯಾ ವಾಸಿಯಾಗದು. ಹಲವು ಔಷಧಿಗಳನ್ನು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಪ್ರಮಾಣದಲ್ಲಿ, ಎರಡು ವರ್ಷಕ್ಕೂ ಮೀರಿ ಕೊಡಬೇಕು.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ? 2019ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಅಲ್ಲಿ ವಿನ್‌ಕ್ರಿಸ್ಟೀನ್ ಪೂರೈಸುತ್ತಿದ್ದವು ಎರಡೇ ಕಂಪನಿಗಳು. ಜುಲೈನಲ್ಲಿ ಟೆವಾ ವ್ಯಾಪಾರದ ಕಾರಣ ನೀಡಿ ಹಿಂದೆ ಸರಿಯಿತು. ಉಳಿದ ಫೈಜರ್‌ನಲ್ಲಿ ಉತ್ಪಾದನೆ ತಡವಾಯಿತು. ಅಕ್ಟೋಬರ್ ವೇಳೆಗೆ, ಯಾವ ಮಗುವಿಗೆ ಪೂರ್ಣ ಪ್ರಮಾಣ, ಯಾವ ಮಗುವಿಗೆ ಕಡಿಮೆ ಎಂದು ವೈದ್ಯರು ಲೆಕ್ಕ ಹಾಕಬೇಕಾಯಿತು. ನವೆಂಬರಿನಲ್ಲಿ ಟೆವಾ ಮತ್ತೆ ತಯಾರಿಸುವುದಾಗಿ ಪ್ರಕಟಿಸಿತು.

ಬದಲಿ ಔಷಧಿ ಕೊಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಇದಕ್ಕೆ ಇನ್ನೊಂದು ಔಷಧಿಯ ಕಥೆಯಲ್ಲಿ ಉತ್ತರವಿದೆ. 2009ರಲ್ಲಿ ಅಮೆರಿಕದಲ್ಲಿ ಮೆಕ್ಲೋರೆಥಮೀನ್ ಎಂಬ ಔಷಧಿಯ ಕೊರತೆ ಉಂಟಾಯಿತು. ಹಾಜ್‌ಕಿನ್ ಲಿಂಫೋಮ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದ್ದ ಮಕ್ಕಳಿಗೆ ಅದರ ಬದಲು, ಅದೇ ಗುಂಪಿನ ಸೈಕ್ಲೋಫಾಸ್ಫಮೈಡ್ ಕೊಡಲಾಯಿತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಮೂಲ ಔಷಧಿ ಪಡೆದಿದ್ದವರಲ್ಲಿ ಎರಡು ವರ್ಷ ರೋಗ ಮರುಕಳಿಸದೆ ಉಳಿದವರು ನೂರಕ್ಕೆ 88. ಬದಲಿ ಔಷಧಿ ಪಡೆದವರಲ್ಲಿ 75. ರೋಗ ಮರುಕಳಿಸಿದವರು ಇನ್ನಷ್ಟು ಕಠಿಣ ಚಿಕಿತ್ಸೆ ಪಡೆಯಬೇಕಾಯಿತು.

ಹಾಗಾದರೆ ಕೊರತೆ ಏಕೆ? ತಯಾರಿಸುವ ವಿಧಾನ ತಿಳಿಯದೆ ಅಲ್ಲ. ಇವು ಪೇಟೆಂಟ್ ಅವಧಿ ಮುಗಿದ ಹಳೆಯ ಔಷಧಿಗಳು. ಬೆಲೆ ಕಡಿಮೆ, ಲಾಭವೂ ಅಲ್ಪ. ಆದರೆ ಚುಚ್ಚುಮದ್ದನ್ನು ಸಂಪೂರ್ಣ ರೋಗಾಣುರಹಿತ ವಾತಾವರಣದಲ್ಲೇ ತಯಾರಿಸಬೇಕು. ಅದಕ್ಕೆ ಖರ್ಚು ಹೆಚ್ಚು. ಹೀಗಾಗಿ ತಯಾರಕರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ. ಹೊಸಬರು ಪರವಾನಗಿ ಪಡೆದು ಆರಂಭಿಸುವುದು ಒಂದೆರಡು ವಾರದ ಮಾತಲ್ಲ.

ಈ ಸರಪಳಿಯಲ್ಲಿ ನಮ್ಮ ದೇಶವೂ ಒಂದು ಕೊಂಡಿ. ಮಕ್ಕಳ ಮೂಳೆ ಹಾಗೂ ಯಕೃತ್ತಿನ ಕ್ಯಾನ್ಸರಿಗೂ ಬಳಸುವ ಸಿಸ್‌ಪ್ಲಾಟಿನ್ ಔಷಧಿಯಲ್ಲಿ ಅಮೆರಿಕಕ್ಕೆ ಬೇಕಾದ ಸುಮಾರು ಅರ್ಧ ಭಾಗ ಇಂಟಾಸ್ ಕಂಪನಿಯಿಂದ ಹೋಗುತ್ತಿತ್ತು. ಗುಜರಾತಿನಲ್ಲಿರುವ ಅದರ ಕಾರ್ಖಾನೆಯಲ್ಲಿ 2022ರ ಕೊನೆಯಲ್ಲಿ ಅಮೆರಿಕದ ಅಧಿಕಾರಿಗಳು ಗುಣಮಟ್ಟದ ಲೋಪಗಳನ್ನು ಕಂಡರು. ಉತ್ಪಾದನೆ ನಿಂತು, 2023ರಲ್ಲಿ ಅಲ್ಲಿ ತೀವ್ರ ಕೊರತೆ ಕಾಣಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಅನೇಕ ಬಡ ರಾಷ್ಟ್ರಗಳಲ್ಲಿ 30ಕ್ಕಿಂತ ಕಡಿಮೆ. ಔಷಧಿಗಳ ಅಭಾವ ಇದಕ್ಕೆ ಒಂದು ಕಾರಣ. ಇವುಗಳನ್ನು ಒಟ್ಟಾಗಿ ಖರೀದಿಸಿ ಹಂಚುವ ಯೋಜನೆಯೊಂದನ್ನು ಈ ಸಂಸ್ಥೆ ಹಾಗೂ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆ 2021ರಲ್ಲಿ ಪ್ರಕಟಿಸಿದವು.

ಚರ್ಚೆಯನ್ನು ನೋಡುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಲಾಭ ತಾರದ, ಆದರೆ ಮಗುವಿನ ಪ್ರಾಣ ಉಳಿಸುವ ಔಷಧಿ ಸದಾ ಸಿಗುವಂತೆ ನೋಡಿಕೊಳ್ಳುವ ಹೊಣೆ ಯಾರದು?