ಮೊದಲು ಗಾಳಿ, ಆಮೇಲೆ ಯಂತ್ರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 1961ರಿಂದ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ನಮ್ಮ ಊರುಗಳ ಹಿತ್ತಿಲಲ್ಲಿ, ಕೊಟ್ಟಿಗೆಯಲ್ಲಿ, ಮೆಟ್ಟಿಲ ಕೆಳಗೆ ನಿಂತಿವೆ. ಅಪ್ಪನೋ ಚಿಕ್ಕಪ್ಪನೋ ಓಡಿಸುತ್ತಿದ್ದ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕೆಂದು ಬಿಚ್ಚಿ ಕೂತವರಿಗೆ ಮೊದಲು ಎದುರಾಗುವುದು ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿದರೆ ಬೆರಳು ಸವೆಯುತ್ತದೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ತಿರುಗಿಸಿದರೆ ಚಪ್ಪಟೆ ಜಾಗವೆಲ್ಲ ಹೊಳೆಯುತ್ತದೆ. ಆದರೆ ಚಾಸಿಯ ವೆಲ್ಡಿಂಗ್ ಮೂಲೆಗೆ, ತುಕ್ಕು ತಿಂದ ಸಣ್ಣ ಗುಳಿಗೆ ಬ್ರಷ್ಷು ಇಳಿಯುವುದಿಲ್ಲ. ಆ ಗುಳಿಯಲ್ಲಿ ಉಳಿದ ಚಿಟಿಕೆ ಕಂದು ಪುಡಿಯೇ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬಣ್ಣವನ್ನು ಒಳಗಿನಿಂದ ಗುಳ್ಳೆಯಾಗಿ ಎಬ್ಬಿಸುತ್ತದೆ.

ಅಲ್ಲಿಗೆ ತಲುಪುವ ಉಪಾಯವೇ ಸ್ಯಾಂಡ್‌ಬ್ಲಾಸ್ಟಿಂಗ್. ಒತ್ತಡದ ಗಾಳಿಯಲ್ಲಿ ಗಟ್ಟಿ ಕಣಗಳನ್ನು ಬೆರೆಸಿ ಲೋಹದ ಮೇಲೆ ಹೊಡೆದರೆ, ಕಣ ಹೋದ ಕಡೆಯೆಲ್ಲ ಬಣ್ಣ, ಪುಟ್ಟಿ, ತುಕ್ಕು ಏಳುತ್ತವೆ. ಉಳಿಯುವುದು ಬೂದುಬಣ್ಣದ, ಕೈಗೆ ಸ್ವಲ್ಪ ಒರಟಾದ ಬರಿಯ ಉಕ್ಕು. ಆ ಒರಟುತನ ಪ್ರೈಮರಿಗೆ ಹಿಡಿತ ಕೊಡುತ್ತದೆ. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದ ಈ ತಂತ್ರ ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ.

ಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಗನ್ನು, ಡಬ್ಬಿ, ಪೈಪುಗಳನ್ನು ನೋಡಿ ಬೆಲೆ ಹೋಲಿಸುತ್ತಾರೆ. ನಾನು ಹೇಳುವುದು, ಮೊದಲು ಮನೆಯ ಕಂಪ್ರೆಸರ್ ನೋಡಿ. ಇಲ್ಲಿ ಕೆಲಸ ಮಾಡುವುದು ಗಾಳಿ, ಅದರ ಪ್ರಮಾಣವನ್ನು ನಿಮಿಷಕ್ಕೆ ಇಷ್ಟು ಘನ ಅಡಿ, ಅಂದರೆ ಸಿಎಫ್‌ಎಂ ಎಂದು ಅಳೆಯುತ್ತಾರೆ. ಒತ್ತಡವನ್ನು ಬಹುತೇಕ ಎಲ್ಲ ಕಂಪ್ರೆಸರುಗಳೂ ಕೊಡುತ್ತವೆ, ಪ್ರಮಾಣವನ್ನು ಕೊಡಲಾರವು. 80 ಪಿಎಸ್‌ಐ ಒತ್ತಡದಲ್ಲಿ 3 ಮಿಲಿಮೀಟರ್ ರಂಧ್ರದ ನಾಝಲ್ ಸುಮಾರು 15 ಸಿಎಫ್‌ಎಂ ಗಾಳಿ ಕುಡಿಯುತ್ತದೆ. ರಂಧ್ರ 6 ಮಿಲಿಮೀಟರ್ ಆದರೆ 30 ಸಾಲದು, 60 ಬೇಕು. ಅಗಲ ಎರಡು ಪಟ್ಟಾದರೆ ರಂಧ್ರದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಗಾಳಿಯೂ ಅಷ್ಟೇ ಪಟ್ಟು ಹೋಗುತ್ತದೆ. ನಾಝಲ್ ಸವೆದಂತೆಲ್ಲ ನಿನ್ನೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಇವತ್ತು ಸೋಲುವುದೂ ಇದೇ ಕಾರಣಕ್ಕೆ. ಹಾಗಾಗಿ ಸೆರಾಮಿಕ್ ನಾಝಲ್ ಸಾಲದಾದರೆ ಕಾರ್ಬೈಡಿನದಕ್ಕೆ ಖರ್ಚು ಮಾಡಿ.

ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಸಿಂಗಲ್ ಫೇಸಿನಲ್ಲಿ ಓಡುವ 2 ಎಚ್‌ಪಿ ಕಂಪ್ರೆಸರ್. ಅದರ ಫಲಕದಲ್ಲಿ 7-8 ಸಿಎಫ್‌ಎಂ ಎಂದು ಬರೆದಿರುತ್ತದೆ. ಅದು ಪಿಸ್ಟನ್ ತಳ್ಳುವ ಲೆಕ್ಕ. ಪೈಪಿನ ತುದಿಗೆ ಬರುವುದು ಐದೂವರೆಯ ಆಸುಪಾಸು. ಇದಕ್ಕೆ 3 ಮಿಲಿಮೀಟರ್ ನಾಝಲ್ ಜೋಡಿಸಿದಿರಿ ಎನ್ನಿ. 100 ಲೀಟರ್ ಟ್ಯಾಂಕಿನಲ್ಲಿ ಒತ್ತಡ 120ರಿಂದ 80ಕ್ಕೆ ಇಳಿಯುವಷ್ಟರಲ್ಲಿ ಹೊರಬರುವ ಗಾಳಿ ಸುಮಾರು 270 ಲೀಟರ್. ಕಂಪ್ರೆಸರ್ ತುಂಬಿಕೊಡಲಾಗದ ಕೊರತೆಯೂ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ನಿಮಿಷ ಹೊಡೆಯುವುದು, ಆಮೇಲೆ ಟ್ಯಾಂಕು ತುಂಬುವವರೆಗೆ ಕೈ ಕಟ್ಟಿ ನಿಲ್ಲುವುದು, ಮೋಟಾರು ಬಿಸಿಯಾಗುವುದು. ಇದೇ ಕಂಪ್ರೆಸರಿಗೆ ಎರಡು ಮಿಲಿಮೀಟರ್ ಜೆಟ್ ಹಾಕಿದರೆ ಕೆಲಸ ನಿಧಾನವಾದರೂ ಸಾಗುತ್ತದೆ. ಚಾಸಿಯನ್ನು ಸಲೀಸಾಗಿ ಹೊಡೆಯಬೇಕೆಂದರೆ 5 ಎಚ್‌ಪಿಗಿಂತ ಮೇಲಿನದು ಬೇಕು, ಅದಕ್ಕೆ ತ್ರೀ ಫೇಸ್ ಕರೆಂಟು ಬೇಕು. ಬಹಳಷ್ಟು ಮನೆಗಳ ಆಯ್ಕೆ ಇಲ್ಲಿಗೇ ತೀರ್ಮಾನವಾಗಿಬಿಡುತ್ತದೆ.

ಯಂತ್ರದ ಬಗೆಗಳ ಮಾತಿಗೆ ಬರೋಣ. ಸಕ್ಷನ್ ಗನ್ನು ಬಕೆಟ್ಟಿನಿಂದ ಕಣವನ್ನು ತಾನೇ ಎಳೆದುಕೊಳ್ಳುತ್ತದೆ. ಅಗ್ಗ, ಕಡಿಮೆ ಗಾಳಿಗೂ ಒಗ್ಗುತ್ತದೆ. ಅದರ ಒಳಗಿನ ಗಾಳಿಯ ಜೆಟ್ ಬೇರೆ, ಹೊರಗಿನ ನಾಝಲ್ ಬೇರೆ. ಗಾಳಿಯ ಖರ್ಚನ್ನು ನಿರ್ಧರಿಸುವುದು ಒಳಗಿನ ಜೆಟ್. ಅಂಗಡಿಯಲ್ಲಿ ಅದರ ಅಳತೆ ಕೇಳಿ. ಪ್ರೆಶರ್ ಪಾಟ್‌ನಲ್ಲಿ ಕಣ ತುಂಬಿದ ಡ್ರಮ್ಮಿಗೇ ಒತ್ತಡ ಕೊಟ್ಟು ತಳ್ಳುತ್ತಾರೆ. ಕೆಲಸ ಹಲವು ಪಟ್ಟು ಬೇಗ ಆಗುತ್ತದೆ, ಗಾಳಿಯ ಹಸಿವೂ ಹೆಚ್ಚು. ಹಳೆಯ ಗ್ಯಾಸ್ ಸಿಲಿಂಡರನ್ನು ಕತ್ತರಿಸಿ, ವೆಲ್ಡ್ ಮಾಡಿ ಪಾಟ್ ಮಾಡಿಕೊಡುವವರಿದ್ದಾರೆ. ದಯವಿಟ್ಟು ಅದನ್ನು ಮನೆಯೊಳಗೆ ತರಬೇಡಿ. ನೀರಿನ ಒತ್ತಡದಲ್ಲಿ ಪರೀಕ್ಷೆಯಾಗದ, ಸೇಫ್ಟಿ ವಾಲ್ವ್ ಇಲ್ಲದ ಪಾತ್ರೆಗೆ ಅಷ್ಟು ಗಾಳಿ ತುಂಬುವುದೆಂದರೆ ಬಾಂಬನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಿದಂತೆ. ಮೂರನೆಯದು ಕ್ಯಾಬಿನೆಟ್: ಗಾಜಿನ ಕಿಂಡಿ, ಒಳಗೆ ದೀಪ, ಕೈ ತೂರಿಸಲು ಉದ್ದನೆಯ ಗ್ಲೌಸು ಇರುವ ಮುಚ್ಚಿದ ಪೆಟ್ಟಿಗೆ. ಬಿದ್ದ ಕಣವನ್ನು ಜರಡಿ ಹಿಡಿದು ಮತ್ತೆ ಬಳಸಬಹುದು, ಧೂಳು ಅಕ್ಕಪಕ್ಕದ ಮನೆಗೆ ಹೋಗುವುದಿಲ್ಲ. ಕಿಂಡಿಯ ಗಾಜು ಬೇಗ ಮಂಜಾಗುತ್ತದೆ. ಒಳಗಡೆ ಅಂಟಿಸುವ ಪ್ಲಾಸ್ಟಿಕ್ ಹಾಳೆಗಳನ್ನು ಜೊತೆಗೇ ತಂದಿಟ್ಟುಕೊಳ್ಳಿ.

ಯಾವ ಯಂತ್ರವೇ ಆಗಲಿ, ಗಾಳಿಯಲ್ಲಿ ನೀರು ಇರಬಾರದು. ಬಿಸಿಯಾದ ಗಾಳಿ ಪೈಪಿನಲ್ಲಿ ತಣ್ಣಗಾಗುತ್ತಲೇ ಹನಿಯೊಡೆಯುತ್ತದೆ, ಕಣ ಮುದ್ದೆಯಾಗಿ ನಾಝಲ್ ಕಟ್ಟಿಕೊಳ್ಳುತ್ತದೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಆಷಾಢ ಶ್ರಾವಣದಲ್ಲಿ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು. ಉಳಿದ ಕಾಲದಲ್ಲೂ ವಾಟರ್ ಸೆಪರೇಟರ್ ಬೇಕು, ಟ್ಯಾಂಕಿನ ತಳದ ನೀರನ್ನು ಆಗಾಗ ಬಿಡಬೇಕು.

ಇನ್ನು ಕಣ. ಹೆಸರಿನಲ್ಲಿ ಸ್ಯಾಂಡ್ ಇದ್ದರೂ ಮರಳನ್ನು ಬಳಸಲೇಬಾರದು. ಮರಳಿನ ಕಣ ಲೋಹಕ್ಕೆ ಬಡಿದು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಏಳುತ್ತದೆ. ಅದು ಶ್ವಾಸಕೋಶದ ತಳಕ್ಕೆ ಇಳಿದರೆ ಹೊರಬರುವುದಿಲ್ಲ. ಅಲ್ಲಿ ಗಾಯ ಮಾಡಿ, ಗಾಯ ಗಂಟಾಗಿ, ಉಸಿರಿನ ಜಾಗವನ್ನೇ ಕಿತ್ತುಕೊಳ್ಳುತ್ತದೆ. ಅದೇ ಸಿಲಿಕೋಸಿಸ್, ವಾಸಿಯಾಗುವ ಔಷಧಿಯಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವರ ಮನೆಗಳಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿದೆ. ಎರಕದ ವಸ್ತುಗಳನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು ಬ್ರಿಟನ್ 1949ರ ನಿಯಮದಲ್ಲೇ ನಿಲ್ಲಿಸಿತು. ಜೀನ್ಸ್ ಬಟ್ಟೆ ಮಾಸಲು ಮರಳು ಹೊಡೆಯುತ್ತಿದ್ದ ಯುವಕರು ಸಾಯತೊಡಗಿದ ಮೇಲೆ ಟರ್ಕಿ 2009ರಲ್ಲಿ ಆ ಪದ್ಧತಿಯನ್ನು ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸಿಲಿಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಹೊಳೆಯ ಮರಳಿನ ಬದಲು ಎಂ-ಸ್ಯಾಂಡ್ ಆದರೆ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಎಂ-ಸ್ಯಾಂಡ್ ಎಂದರೆ ಪುಡಿಮಾಡಿದ ಗ್ರಾನೈಟು. ಗ್ರಾನೈಟಿನಲ್ಲೂ ಅದೇ ಸಿಲಿಕಾದ ಬೆಣಚುಕಲ್ಲು ಧಾರಾಳವಾಗಿದೆ.

ಚಾಸಿ, ಸ್ಟ್ಯಾಂಡು, ಬ್ರಾಕೆಟ್ಟಿನಂಥ ದಪ್ಪ ಉಕ್ಕಿಗೆ ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಸರಿ. ಎಂಜಿನ್ ಕೇಸು, ಕಾರ್ಬುರೇಟರಿನಂಥ ಮೆತ್ತನೆಯ ಲೋಹಕ್ಕೆ ಗಾಜಿನ ಮಣಿ, ಅದೂ ಕಡಿಮೆ ಒತ್ತಡದಲ್ಲಿ. ಎಂಜಿನ್ನನ್ನು ಪೂರ್ತಿ ಬಿಚ್ಚದೆ ಹೊಡೆಯಬೇಡಿ. ಎಣ್ಣೆ ಹರಿಯುವ ದಾರಿಯಲ್ಲಿ ಸಿಕ್ಕಿಕೊಂಡ ನಾಲ್ಕು ಮಣಿಗಳು ಬೇರಿಂಗ್ ತಿನ್ನಲು ಸಾಕು. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಲೈನರನ್ನು ಬ್ಲಾಸ್ಟಿಂಗಿನ ಹತ್ತಿರವೂ ತರಬೇಡಿ. ಕ್ಯಾಬಿನೆಟ್ಟಿನ ಮುಂದೆ ಕೂತಾಗಲೂ ಬಟ್ಟೆಯ ಮಾಸ್ಕ್ ನಂಬದೆ, ಮುಖಕ್ಕೆ ಬಿಗಿಯಾಗಿ ಕೂರುವ, ಪಿ-100 ಫಿಲ್ಟರ್ ಇರುವ ಮಾಸ್ಕ್ ಹಾಕಿ. ಧೂಳೆಳೆಯುವ ವ್ಯಾಕ್ಯೂಮಿಗೂ ಹೆಪಾ ಫಿಲ್ಟರ್ ಇರಲಿ.

ಮಡ್‌ಗಾರ್ಡು, ಟೂಲ್‌ಬಾಕ್ಸು, ಕಾರಿನ ಬಾನೆಟ್ಟಿನಂಥ ತೆಳು ತಗಡಿನ ಕಥೆ ಬೇರೆ. ಕಣ ಬಡಿದ ಬದಿಯ ಲೋಹ ಸುತ್ತಿಗೆಯಿಂದ ತಟ್ಟಿದ ತಾಮ್ರದ ಹಾಗೆ ಹಿಗ್ಗುತ್ತದೆ, ಹಿಂಬದಿ ಹಾಗೇ ಉಳಿಯುತ್ತದೆ, ತಗಡು ಬಾಗುತ್ತದೆ. ಬಿಸಿಯಿಂದ ಬಾಗಿತೆಂದು ನೀರು ಹಾಕುವವರನ್ನು ನೋಡಿದ್ದೇನೆ, ಪ್ರಯೋಜನವಿಲ್ಲ. ಹೀಗೆ ಉಬ್ಬಿದ ಬಾನೆಟ್ಟನ್ನು ಟಿಂಕರಿಂಗಿನಲ್ಲಿ ಪೂರ್ತಿ ಸರಿಮಾಡುವುದು ಬಹಳ ಕಷ್ಟ. ತಗಡಿಗೆ ಪೇಂಟ್ ರಿಮೂವರ್ ಹಚ್ಚಿ ಬಣ್ಣ ತೆಗೆಯಿರಿ. ತುಕ್ಕಿನ ಗುಳಿಗಳಿಗೆ ಮಾತ್ರ 40 ಪಿಎಸ್‌ಐ ದಾಟದಂತೆ, ಓರೆಯಾಗಿ, ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಹೊಡೆಯಿರಿ.

ಹೊಡೆಯುವ ಮುನ್ನ ಇನ್ನೊಂದು ಕೆಲಸ: ಚಾಸಿ ನಂಬರು. ಅಚ್ಚು ಒತ್ತಿದ ಆ ಅಂಕಿಗಳು ಹೆಚ್ಚು ಆಳವಿರುವುದಿಲ್ಲ. ಕಣದ ಹೊಡೆತಕ್ಕೆ ಅಂಚು ಮಾಸಿದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ನಿಮ್ಮದೇ ಎಂದು ತೋರಿಸುವುದು ಹೇಗೆ? 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ‘ವಿಎ’ ಸರಣಿಯ ವಿಂಟೇಜ್ ನೋಂದಣಿಯೂ ಸಿಗುತ್ತಿರುವಾಗ ಈ ಅಂಕಿಗಳ ಬೆಲೆ ಇನ್ನೂ ಹೆಚ್ಚು. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ನಂಬರಿನ ಮೇಲಿಟ್ಟು, ದಪ್ಪವಾಗಿ ಟೇಪು ಸುತ್ತಿ. ರಬ್ಬರಿಗೆ ಬಡಿದ ಕಣ ಪುಟಿದು ಹೋಗುತ್ತದೆ. ಬೇರಿಂಗ್ ಕೂರುವ ಜಾಗವನ್ನೂ ಹೀಗೆಯೇ ಮುಚ್ಚಿ, ಥ್ರೆಡ್ ಇರುವ ರಂಧ್ರಗಳಿಗೆ ಹಳೆಯ ಬೋಲ್ಟ್ ತಿರುಗಿಸಿ. ಬ್ಲಾಸ್ಟ್ ಆದ ಉಕ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಗುರುತು ರಾತ್ರಿ ಕಳೆಯುವುದರೊಳಗೆ ತುಕ್ಕಾಗುತ್ತದೆ. ಪ್ರೈಮರ್ ಅದೇ ದಿನ ಬೀಳಬೇಕು.

ಒಂದು ಗಾಡಿಯನ್ನು ಮನೆಯಲ್ಲೇ ಹೊಸದು ಮಾಡುವವರಿಗೆ ನನ್ನ ಸಲಹೆ ಇಷ್ಟು: ಇರುವ 2 ಎಚ್‌ಪಿ ಕಂಪ್ರೆಸರಿಗೆ ಹೊಂದುವ ಚಿಕ್ಕ ಕ್ಯಾಬಿನೆಟ್ ಕೊಳ್ಳಿ, ಸಣ್ಣ ಭಾಗಗಳನ್ನು ಅದರಲ್ಲಿ ಮಾಡಿಕೊಳ್ಳಿ. ಪ್ರೆಶರ್ ಪಾಟ್‌ಗೆ ಹಣ ಹಾಕಬೇಡಿ. ಚಾಸಿಯನ್ನು ಬೆಂಗಳೂರಿನ ಪೀಣ್ಯದಲ್ಲೋ ನಿಮ್ಮೂರ ಕೈಗಾರಿಕಾ ಪ್ರದೇಶದಲ್ಲೋ ಇರುವ ಬ್ಲಾಸ್ಟಿಂಗ್ ಶಾಪಿಗೆ ಕೊಡಿ. ಅಲ್ಲಿ ರೇಟು ಕೇಳುವ ಮುಂಚೆ ಯಾವ ಕಣ ಹೊಡೆಯುತ್ತಾರೆ, ಗನ್ನು ಹಿಡಿಯುವ ಹುಡುಗನಿಗೆ ಗಾಳಿ ಬರುವ ಹೆಲ್ಮೆಟ್ ಕೊಟ್ಟಿದ್ದಾರೆಯೇ ಎಂದು ಕೇಳಿ. ಮರಳು ಎಂದರೆ ಚಾಸಿಯನ್ನು ವಾಪಸ್ ತನ್ನಿ.